ಹಾಜರಿ ಫೋಟೋ

1876–78ರ ಬರದ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ತಿರುತಿರುಗಿ ಅಚ್ಚಾಗುವ ಕೆಲವು ಫೋಟೋಗಳಿವೆ. ಎಲುಬಿನ ಗೂಡಾದ ಗಂಡಸರು, ಹೆಂಗಸರು, ಮಕ್ಕಳನ್ನು ಶಾಲೆಯ ಗ್ರೂಪ್ ಫೋಟೋಕ್ಕೆ ಕೂರಿಸಿದಂತೆ ಗುಂಪಾಗಿ ಕೂರಿಸಲಾಗಿದೆ. ತೆಗೆದವನು ಮದ್ರಾಸ್ ಸೇನೆಯ ಅಶ್ವದಳದ ಅಧಿಕಾರಿ ವಿಲ್ಲೋಬಿ ವಾಲೇಸ್ ಹೂಪರ್. ಅಂಥದೊಂದು ಚಿತ್ರದ ಇಂಗ್ಲಿಷ್ ಅಡಿಬರಹವನ್ನು ಕನ್ನಡಕ್ಕೆ ತಂದರೆ ‘ಪುಕ್ಕಟೆ ನೆರವಿಗೆ ಅರ್ಹರಾದವರು’ ಎಂದಾಗುತ್ತದೆ. ‘ಅರ್ಹರಾದವರು’ ಎಂಬುದೂ ನನ್ನ ಕಡೆಯ ಸೌಜನ್ಯ. ಮೂಲದಲ್ಲಿರುವುದು ‘ವಸ್ತು’ ಎಂಬ ಅರ್ಥವೂ ಬರುವ ಮಾತು.

ಅದು ಒದ್ದೆ ಕೊಲೋಡಿಯನ್ ಫಲಕದ ಕಾಲ. ಗಾಜಿಗೆ ಅಂಟುದ್ರಾವಣ ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಡೇರೆಯೊಳಗೆ ತೊಳೆಯಬೇಕಿತ್ತು. ಎದುರಿಗಿದ್ದವರು ಕೆಲವು ಸೆಕೆಂಡು ಅಲುಗಾಡಬಾರದು. ಹಸಿದವರಿಗೆ ಅಲುಗಾಡಬೇಡಿ ಎಂದು ಹೇಳಿ, ಅವರು ಹಾಗೇ ಕೂತಿದ್ದರಿಂದ ಆ ಚಿತ್ರಗಳು ನಮಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿವೆ. ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಗುಂಡು ಹೊಡೆದು ಕೊಲ್ಲುವ ಕ್ಷಣವನ್ನೇ ಫೋಟೋ ಹಿಡಿಯಲು ಹೋಗಿ, ಬ್ರಿಟಿಷ್ ಸಂಸತ್ತಿನವರೆಗೂ ಸುದ್ದಿಯಾಗಿ ವಿಚಾರಣೆ ಎದುರಿಸಿದ.

ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾ, ರಾಯಚೂರು ಭಾಗವನ್ನೂ ಬರ ಬಿಡಲಿಲ್ಲ. ಆಗ ಸರ್ಕಾರದ ಪರವಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮುಂದೆ 1880ರ ದಶಕದಲ್ಲಿ ಬಂದ ಕ್ಷಾಮ ಸಂಹಿತೆಯೂ ಇದೇ ದಾರಿ ಹಿಡಿಯಿತು: ಮೈ ಗಟ್ಟಿ ಇದ್ದವರಿಗೆ ಕೆಲಸ, ಇಲ್ಲದವರಿಗೆ ಪುಕ್ಕಟೆ ಗಂಜಿ. ಯಾರು ಯಾವ ಸಾಲಿಗೆ ಎಂದು ನೋಡಿ ಹೇಳುವವರು ಬೇಕಿತ್ತು. ಆ ನೋಟಕ್ಕೆ ಕ್ಯಾಮೆರಾವೂ ಜೊತೆಯಾಯಿತು.

ನಿಜಾಮರ ಕಡೆ ಈ ಕೆಲಸ ಲಾಲಾ ದೀನ್ ದಯಾಳ್ ಅವರ ಸ್ಟುಡಿಯೋಕ್ಕೆ ಬಿತ್ತು. 1844ರಲ್ಲಿ ಸರ್ಧಾನಾದಲ್ಲಿ ಹುಟ್ಟಿ, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡುತ್ತಲೇ ಫೋಟೋ ಕಲಿತು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದವರು ಅವರು. ಅರಮನೆ, ಬೇಟೆ, ವೈಸರಾಯ್ ಭೇಟಿಗಳ ಅವರ ಚಿತ್ರಗಳನ್ನು ಎಲ್ಲರೂ ಮೆಚ್ಚುತ್ತಾರೆ. ಹೆಚ್ಚು ಜನ ನೋಡದಿರುವುದು 1899–1900ರ ಬರದಲ್ಲಿ ಔರಂಗಾಬಾದ್ ಕಡೆಯ ಪರಿಹಾರ ಕಾಮಗಾರಿಗಳನ್ನು ಅವರ ಸ್ಟುಡಿಯೋ ಹಿಡಿದ ಚಿತ್ರಗಳನ್ನು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿಯೂ ಸಾಲುಗಳಿವೆ, ಲಂಗೋಟಿಯಷ್ಟೇ ಉಟ್ಟ ಬಡಕಲು ಹುಡುಗರಿದ್ದಾರೆ. ಬೆಳಕು ಹೂಪರನದಕ್ಕಿಂತ ಚೆನ್ನಾಗಿದೆ. ಆದರೂ ಪ್ರಭುವಿನ ಸತ್ಕಾರ್ಯವನ್ನು ತೋರಿಸಲು ತೆಗೆದ ಚಿತ್ರಗಳವು, ಅಂದರೆ ಹಸಿದವನ ಮುಖವೇ ಅಲ್ಲಿ ದೊರೆಗೆ ಸಲ್ಲಿಸಿದ ಧನ್ಯವಾದ.

ನನ್ನ ಪಿಎಚ್.ಡಿ. ವಿಷಯ ನಿಜಾಮರ ಕಾಲದ ಬರ ಪರಿಹಾರ. ವರ್ಷಗಟ್ಟಲೆ ಇಂಥ ಚಿತ್ರಗಳನ್ನೇ ನೋಡಿದರೆ ಏನಾಗುತ್ತದೆಂದು ಮಾರ್ಗದರ್ಶಕರು ಯಾರೂ ಹೇಳುವುದಿಲ್ಲ. ರಾತ್ರಿ ನಿದ್ದೆ ಕೆಡುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಮನುಷ್ಯರನ್ನು ನೋಡುವ ಕಣ್ಣೇ ಕಡತದಂತಾಗುತ್ತದೆ. ಅದರ ಮೇಲೆ, ಶಿಷ್ಯವೇತನ ತಿಂಗಳುಗಟ್ಟಲೆ ಬಾರದೆ ನಾನು ಊರಿಗೆ ಮರಳಿದ್ದೆ.

ಊರು ದಂಡೋತಿ, ಚಿತ್ತಾಪುರ ತಾಲ್ಲೂಕು. ಕಾಗಿಣಾ ನದಿಯ ದಂಡೆ. ಇದೇ ನದಿಯ ದಂಡೆಯ ಮೇಲೆ ಸೇಡಂ ಕಡೆ ರಾಷ್ಟ್ರಕೂಟರ ಮಾನ್ಯಖೇಟವಿತ್ತು, ಈಗಿನ ಮಳಖೇಡ. ಶಹಾಬಾದ್ ಹತ್ತಿರದ ಹೊನಗುಂಟಾದಲ್ಲಿ ಕಾಗಿಣಾ ಭೀಮೆಗೆ ಸೇರುತ್ತದೆ. ಇಂಥ ಇತಿಹಾಸವಿದ್ದರೂ ನಮ್ಮೂರು ಪತ್ರಿಕೆಯಲ್ಲಿ ಬರುವುದು ಮಳೆಗಾಲದಲ್ಲಿ ಮಾತ್ರ, ಸೇತುವೆ ಮುಳುಗಿದಾಗ. 2020ನ್ನು ನಮ್ಮ ಜಿಲ್ಲೆ ಮರೆಯಲಾರದು. ದೇಶದ ಮೊದಲ ಕೊರೊನಾ ಸಾವು ಆ ಮಾರ್ಚ್‌ನಲ್ಲಿ ಕಲಬುರಗಿಯದು. ಬೇಸಿಗೆಯಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋಗಿದ್ದವರು ಮರಳಿ ಬಂದು ಸರ್ಕಾರಿ ಶಾಲೆಗಳಲ್ಲಿ ಕ್ವಾರಂಟೈನ್ ಆದರು. ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ, ನಿಂತ ತೊಗರಿ ನೀರಲ್ಲಿ ಕೊಳೆಯಿತು. ಆ ವರ್ಷ ಅಕ್ಕಿ, ಎಣ್ಣೆಯ ಕಿಟ್ ಕೊಡುವಾಗ ನಾಲ್ಕು ಕೈ ಒಂದೇ ಚೀಲ ಹಿಡಿದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ತೆಗೆದುಕೊಳ್ಳುವವರು ಚೀಲವನ್ನು ನೋಡುತ್ತಿರುತ್ತಾರೆ, ಕೊಡುವವರು ಫೋನನ್ನು.

ಆಮೇಲೆ ಬಂದದ್ದು ಎನ್‌ಎಂಎಂಎಸ್, ಉದ್ಯೋಗ ಖಾತ್ರಿ ಕೆಲಸದ ಹಾಜರಾತಿ ಆ್ಯಪ್. 2021ರಲ್ಲಿ ಶುರುವಾಗಿ 2023ರ ಜನವರಿ 1ರಿಂದ ಸಾಮೂಹಿಕ ಕಾಮಗಾರಿಗಳಿಗೆಲ್ಲ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸಗಾರರ ಫೋಟೋ ತೆಗೆದು, ಸ್ಥಳದ ಗುರುತಿನೊಂದಿಗೆ ಕಳಿಸಬೇಕು. ನಮ್ಮಲ್ಲಿ ಆ ಕೆಲಸ ‘ಕಾಯಕ ಬಂಧು’ವಿನದು. ನೆಟ್‌ವರ್ಕ್ ಸಿಗದಿದ್ದರೆ ದಿಬ್ಬ ಹತ್ತಿ ಫೋನ್ ಮೇಲೆತ್ತಿ ನಿಲ್ಲಬೇಕು. ಕಳ್ಳ ಲೆಕ್ಕ ತಡೆಯಲು ಇದು ಬೇಕೆನ್ನುವವರ ವಾದ ನನಗೆ ಗೊತ್ತು. ಕಳ್ಳ ಲೆಕ್ಕ ಇದ್ದದ್ದೂ ನಿಜ. ಆದರೂ ಬುಟ್ಟಿ, ಸಲಿಕೆ ಹಿಡಿದು ಸಾಲಾಗಿ ನಿಂತ ಹೆಂಗಸರ ಆ ಫೋಟೋವನ್ನು ಮೊದಲ ಸಲ ನೋಡಿದಾಗ ನನ್ನ ಕಡತಗಳೇ ಕಣ್ಣೆದುರು ಬಂದವು.

ಆ ಬೇಸಿಗೆ ನಾನೂ ಫೋನ್ ಹಿಡಿದು ಅಲ್ಲಿಗೆ ಹೋದೆ. ಅವರು ಹೂಳೆತ್ತುತ್ತಿದ್ದ ಕಡೆ ಜಾಲಿಮರದ ಕೆಳಗೆ ರೊಟ್ಟಿಗಂಟುಗಳು ಸಾಲಾಗಿ ಇದ್ದವು, ಒಂದೊಂದಕ್ಕೂ ಬೇರೆ ಬಣ್ಣದ ಬಟ್ಟೆ. ಅದನ್ನು ತೆಗೆದೆ. ಆಮೇಲೆ ತಲೆಗೆ ಟವೆಲ್ ಸುತ್ತಿದ ಒಬ್ಬ ಅಕ್ಕನ ಕಡೆ ತಿರುಗಿದಾಗ ಆಕೆ ಕೇಳಿದಳು: “ಹಾಜರಿ ಫೋಟೋ ಆಗ್ಯಾದಲ್ಲ ತಮ್ಮಾ, ಮತ್ಯಾಕ?”

“ಇದು ಸರ್ಕಾರಕ್ಕಲ್ಲಕ್ಕಾ, ನನಗ.”

“ನಿನಗ್ಯಾಕ?”

“ಚಂದ ಕಾಣಸ್ತು, ಅದಕ.”

“ಈ ಮಣ್ಣಾಗ ಏನ್ ಚಂದ ಕಂಡೀಯೋ!” ಎಂದು ನಕ್ಕಳು. ನಕ್ಕವಳೇ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಸೆರಗು ಸರಿ ಮಾಡಿಕೊಂಡು, “ಈಗ ತೆಗಿ” ಎಂದಳು.

ಮೈಸೂರಿನ ಟಿ.ಎಸ್. ಸತ್ಯನ್ ನೆನಪಾಗುವುದು ಇಂಥಲ್ಲಿ. 1923ರಲ್ಲಿ ಹುಟ್ಟಿದ ಅವರು 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು, ಆಮೇಲೆ ಸ್ವತಂತ್ರವಾಗಿ ದುಡಿದರು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ಹಳ್ಳಿಹಳ್ಳಿ ತಿರುಗಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರದೂ ಒಂದರ್ಥದಲ್ಲಿ ಸಂಸ್ಥೆಗಳಿಗಾಗಿ ಮಾಡಿದ ಕೆಲಸವೇ. ಬಡತನ ಅಲ್ಲೂ ಕಾಣುತ್ತದೆ. ಆದರೆ ಅಲ್ಲಿಯ ಮಕ್ಕಳು ಏನನ್ನೂ ರುಜುವಾತು ಮಾಡಲು ನಿಂತಿಲ್ಲ. ತಮ್ಮ ಪಾಡಿಗೆ ಆಡುತ್ತಿರುತ್ತಾರೆ, ಸತ್ಯನ್ ಅವರನ್ನು ಮರೆತೇಬಿಟ್ಟಿರುತ್ತಾರೆ. ಕೆಲವರು ಇದನ್ನು ಸಿಹಿ ಲೇಪನ ಎನ್ನಬಹುದು. ಹೂಪರ್‌ನ ಚಿತ್ರಗಳೊಡನೆ ದಿನ ಕಳೆಯುವ ನನಗೆ ಹಾಗನಿಸುವುದಿಲ್ಲ.

ನಮ್ಮೂರಲ್ಲಿ ಧನ್ಯವಾದ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಪರಕೀಯರಂತೆ ನೋಡುತ್ತಾರೆ. ಇರುವ ಮಾತು ಋಣ. ಅನ್ನದ ಋಣ, ಮಣ್ಣಿನ ಋಣ. ಅದು ತೆಗೆದುಕೊಂಡವನ ಮೇಲೆ ಇರುತ್ತದೆ. ಕ್ಯಾಮೆರಾದ ವಿಷಯದಲ್ಲಿ ತೆಗೆದುಕೊಂಡವನು ಯಾರು? ಭಾಷೆಯೇ ಹೇಳುತ್ತದೆ, ನಾವು ಫೋಟೋ ‘ತೆಗೆಯುತ್ತೇವೆ’. ಚಿತ್ತಾಪುರದ ಹತ್ತಿರದ ನಾಗಾವಿಗೆ ಹೋದಾಗಲೆಲ್ಲ ಈ ಲೆಕ್ಕ ತಲೆಗೆ ಬರುತ್ತದೆ. ಅಲ್ಲಿಯ 1058ರ ಚಾಲುಕ್ಯ ಶಾಸನದಲ್ಲಿ ಘಟಿಕಾಸ್ಥಾನಕ್ಕೆ ಬಿಟ್ಟ ದಾನದ ವಿವರವಿದೆ. ಎಲ್ಲ ದಾನಶಾಸನದಂತೆ ಅಲ್ಲೂ ಕೊಟ್ಟವರ ಹೊಗಳಿಕೆ ಉದ್ದ. ಆದರೂ ಪುಸ್ತಕ ಕಾಯುವ ಆರು ಜನ ಸರಸ್ವತೀ ಭಂಡಾರಿಗರಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದೆ. ಅರವತ್ತು ಕಂಬದ ಗುಡಿಯಲ್ಲಿ ಸಂಜೆಯ ಬಿಸಿಲು ಒಂದೊಂದೇ ಕಂಬ ದಾಟಿ ಹೋಗುವುದನ್ನು ಹಿಡಿಯುತ್ತಾ, ಬರದ ಕಡತಗಳಲ್ಲಿ ಬರೀ ಅಂಕಿಯಾದವರಿಗೆ ಅಷ್ಟು ಜಾಗವೂ ಸಿಗಲಿಲ್ಲವಲ್ಲ ಎಂದುಕೊಂಡಿದ್ದೇನೆ.

ಆ ಬೇಸಿಗೆಯಲ್ಲಿ ತೆಗೆದವು ಇನ್ನೂರಕ್ಕೂ ಹೆಚ್ಚು. ಫರ್ಸಿ ಹಾಸಿದ ಅಂಗಳದಲ್ಲಿ ನೀರು ಚಿಮುಕಿಸಿದಾಗ ಬೀಳುವ ಆಕಾಶದ ನೆರಳು. ಪ್ರವಾಹದ ಗುರುತು ಇನ್ನೂ ಉಳಿದ ಗೋಡೆಗೆ ಆನಿಸಿದ ರೊಟ್ಟಿ ಬಡಿಯುವ ಕೊಣಮಿಗೆ. ನೀರಿಳಿದ ಕಾಗಿಣಾದಲ್ಲಿ ಎಮ್ಮೆಯ ಬೆನ್ನೇರಿದ ಬೆಳ್ಳಕ್ಕಿ. ಇವುಗಳಿಂದ ಶಿಷ್ಯವೇತನವೇನೂ ಬರಲಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಹೋಗಲು ಒಂದು ಕಾರಣ ಸಿಕ್ಕಿತು, ಅರ್ಧಕ್ಕೆ ಬಿಟ್ಟ ಅಧ್ಯಾಯಕ್ಕೆ ಮರಳಿ ಕೂರುವ ಮನಸ್ಸೂ ಬಂತು. ಆ ಅಧ್ಯಾಯದಲ್ಲಿ ಈಗ ಚಿತ್ರಗಳನ್ನು ‘ಆಧಾರ’ ಎಂದಷ್ಟೇ ಉಲ್ಲೇಖಿಸುವುದಿಲ್ಲ; ಚಿತ್ರದಲ್ಲಿರುವವರು ಎಷ್ಟು ಮಂದಿ, ಯಾರು ಕ್ಯಾಮೆರಾ ಕಡೆ ನೋಡಿದ್ದಾರೆ, ಯಾರು ಮುಖ ತಿರುಗಿಸಿದ್ದಾರೆ ಎಂದು ಬರೆಯುತ್ತೇನೆ. ಇದು ಇತಿಹಾಸದ ವಿಧಾನವೇ ಎಂದು ಸೆಮಿನಾರಿನಲ್ಲಿ ಒಬ್ಬರು ಕೇಳಿದರು. ಹೌದೆಂದೇ ಹೇಳಿದ್ದೇನೆ.

ಖಾತ್ರಿ ಕೆಲಸದ ಹನ್ನೊಂದು ಚಿತ್ರಗಳನ್ನು ಚಿತ್ತಾಪುರದಲ್ಲಿ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಹೆಂಗಸರು ಕೈಯಿಂದ ಕೈಗೆ ದಾಟಿಸಿ ನೋಡಿದರು, ಒಬ್ಬರನ್ನೊಬ್ಬರು ಹಂಗಿಸಿದರು. “ಹಾಜರಿ ಫೋಟೋದಾಗ ಮಾರಿ ಕಾಣಂಗಿಲ್ಲ, ಇದರಾಗ ಕಾಣ್ತದ ನೋಡವ್ವ” ಎಂದಳು ಟವೆಲಿನ ಅಕ್ಕ. ಎಲ್ಲರಿಗಿಂತ ಹಿರಿಯಳಾದ ಆಯಿ ಮಾತ್ರ ತನ್ನದನ್ನು ಬಹಳ ಹೊತ್ತು ನೋಡಿ ವಾಪಸ್ ಕೊಟ್ಟಳು. ತಲೆಯ ಮೇಲಿನ ಬುಟ್ಟಿ ಆಕೆಗೆ ಬೇಡವಾಗಿತ್ತು.

“ಇನ್ನೊಂದು ತೆಗಿಯಪ್ಪಾ. ಬುಟ್ಟಿ ಬ್ಯಾಡ. ಕಟ್ಟಿ ಮ್ಯಾಲ ಖಾಲಿ ಕೈಲೆ ಸುಮ್ಮ ಕುಂತಿದ್ದು ತೆಗಿ.”