ಹಣ್ಣುಮೆಣಸಿನಕಾಯಿ ಚಟ್ನಿ

ಗಿಡದಲ್ಲೇ ಕೆಂಪಗೆ ಹಣ್ಣಾದ ಮೆಣಸಿನಕಾಯಿಯನ್ನು ಉಪ್ಪು, ಹುಣಸೆಹಣ್ಣಿನೊಡನೆ ಕುಟ್ಟಿ ಜಾಡಿಯಲ್ಲಿ ಕೂಡಿಡುವ ಖಾರದ ವ್ಯಂಜನ. ಆಂಧ್ರಪ್ರದೇಶದ ಹಿಂದೂಪುರ (ಶ್ರೀ ಸತ್ಯಸಾಯಿ ಜಿಲ್ಲೆ), ಕಲ್ಯಾಣದುರ್ಗ (ಅನಂತಪುರ ಜಿಲ್ಲೆ) ಹಾಗೂ ಇವೆರಡರ ನಡುವಿನ, ಕರ್ನಾಟಕದ ಪಾವಗಡ ಸೀಮೆಯ ಕನ್ನಡ, ತೆಲುಗು ಮನೆಗಳಲ್ಲಿ ಬಳಕೆಯಲ್ಲಿದೆ. ತೆಲುಗಿನಲ್ಲಿ ಪಂಡುಮಿರಪಕಾಯ ಪಚ್ಚಡಿ. ಉತ್ತರ ಕರ್ನಾಟಕದ ರಂಜಕ ಇದರ ಹತ್ತಿರದ ಬಗೆ.

ತಯಾರಿಕೆ: ಕಾಯನ್ನು ತೊಟ್ಟಿನ ಸಮೇತ ತೊಳೆದು, ಒರೆಸಿ, ನೆರಳಲ್ಲಿ ಆರಿಸಿದ ಮೇಲೆಯೇ ತೊಟ್ಟು ಬಿಡಿಸುತ್ತಾರೆ, ಮೊದಲೇ ಬಿಡಿಸಿದರೆ ಒಳಗೆ ನೀರು ಸೇರಿ ಬೂಷ್ಟು ಹಿಡಿಯುತ್ತದೆ. ಕಲ್ಲುಪ್ಪು, ಅರಿಸಿನ ಹಾಕಿ ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಬೀಜ, ನಾರು ತೆಗೆದ ಹುಣಸೆಹಣ್ಣನ್ನು ನಡುವೆ ಅದುಮಿ ಜಾಡಿಗೆ ತುಂಬುತ್ತಾರೆ. ಎರಡು ಮೂರು ದಿನ ಬಿಟ್ಟು ಹುರಿದ ಮೆಂತ್ಯದ ಪುಡಿ, ಬೆಳ್ಳುಳ್ಳಿ ಸೇರಿಸಿ ರುಬ್ಬುತ್ತಾರೆ. ಬೇಕಾದಷ್ಟನ್ನೇ ಒಣಗಿದ ಸೌಟಿನಲ್ಲಿ ತೆಗೆದು ಕಡಲೆಕಾಯಿ ಎಣ್ಣೆ, ಸಾಸಿವೆ, ಇಂಗಿನ ಒಗ್ಗರಣೆ ಕೊಡುವುದು ರೂಢಿ.

ಗುಣ: ಉಪ್ಪು ಕಾಯಿಯ ನೀರನ್ನು ಎಳೆಯುತ್ತದೆ, ಹುಣಸೆಯ ಹುಳಿಯೂ ಕೂಡಿ ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬೀಜಕ್ಕಿಂತ ಹೆಚ್ಚಾಗಿ ಬೀಜ ಅಂಟಿರುವ ಬಿಳಿ ತಿರುಳಿನಲ್ಲಿದೆ.

ಬಳಕೆ: ರಾಗಿಮುದ್ದೆ, ಜೋಳದ ರೊಟ್ಟಿ, ತುಪ್ಪ ಹಾಕಿದ ಬಿಸಿ ಅನ್ನಕ್ಕೆ ನೆಂಚಿಕೊಳ್ಳುತ್ತಾರೆ. ಹಿತ್ತಲಿನ ಫಸಲು ಸಾಲದಿದ್ದರೆ ಪೇಟೆಯ ಕಾಯಿಯೇ ಆಧಾರ. ಹಿಂದೂಪುರದ ಮಾರುಕಟ್ಟೆ ಹುಣಸೆಹಣ್ಣು, ಒಣಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರಾಗಿದೆ.