ತೃಣಮಣಿಯಲ್ಲಿ ಉಳಿದ ಜಲಚರಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಎರೆಹೊಲಗಳನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಶಿಲಾರಸವು ಆರಿ ಕಲ್ಲಾಯಿತು. ಆ ಕಲ್ಲು ಸವೆದು ಈ ಕರಿಯ ಮಣ್ಣಾಯಿತು. ಶಿಲಾರಸವು ಒಂದೇ ಸಲಕ್ಕೆ ಹರಿದುದಲ್ಲ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ದೀರ್ಘವಾದ ಬಿಡುವಿತ್ತು. ಆ ಬಿಡುವಿನಲ್ಲಿ ಕೆರೆಕೊಳಗಳುಂಟಾಗಿ, ಅವುಗಳಲ್ಲಿ ಜೀವಿಗಳು ನೆಲಸಿದವು. ದಖ್ಖನಿನ ಈ ಪದರಗಳ ನಡುವೆ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು ದೊರೆತಿವೆ. ಕಲಬುರಗಿ ಸೀಮೆಯಲ್ಲಿ ಆಸ್ಟ್ರಕಾಡ್ ಎಂಬ ಅತಿಸೂಕ್ಷ್ಮ ಜಲಚರದ ಜೋಡಿಚಿಪ್ಪುಗಳೂ ದೊರೆತಿವೆ.

ಆದರೆ ಕಲ್ಲು ಬಹಳ ಕೃಪಣ. ಚಿಪ್ಪನ್ನು ಉಳಿಸಿ ಒಡಲನ್ನು ನುಂಗಿಬಿಡುತ್ತದೆ. ಆ ಜೀವಿಯ ಅಂಗಾಂಗಗಳೆಂತಿದ್ದವು, ಅದು ಸಂತತಿಯನ್ನು ಹೇಗೆ ಬೆಳೆಸಿತು ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ದೊರೆತುದು ತೃಣಮಣಿಯಲ್ಲಿ. ಪುರಾತನ ವೃಕ್ಷಗಳ ರಾಳವು ನೆಲದಲ್ಲಿ ಹೂತು ಗಟ್ಟಿಯಾದುದೇ ತೃಣಮಣಿ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವುದರಿಂದ ಅದಕ್ಕೆ ಆ ಹೆಸರು.

ಮರದ ರಾಳಕ್ಕೂ ನೀರಿನ ಪ್ರಾಣಿಗೂ ಎತ್ತಣ ಸಂಬಂಧ? ಷ್ಮಿಟ್ ಮತ್ತು ಡಿಲ್ಚರ್ ಎಂಬ ವಿದ್ವಾಂಸರು ಅಮೆರಿಕದ ಫ್ಲಾರಿಡಾ ಪ್ರಾಂತದ ಜೌಗುಕಾಡಿನಲ್ಲಿ ಮರಗಳ ತೊಗಟೆಯನ್ನು ಕೊಯ್ದು ಪರೀಕ್ಷಿಸಿ, 2007ರಲ್ಲಿ ಈ ಒಗಟನ್ನು ಬಿಡಿಸಿದರು. ನೀರಿಗಿಳಿದ ರಾಳವು ಕೂಡಲೆ ಗಟ್ಟಿಯಾಗದು. ಈಜುವ ಸಣ್ಣ ಜಂತುಗಳು ಅದಕ್ಕೆ ತಗುಲಿ ಸಿಕ್ಕಿಕೊಳ್ಳುತ್ತವೆ.

ಈಗ ಮ್ಯಾನ್ಮಾರ್ ಎನಿಸಿಕೊಂಡಿರುವ ಬರ್ಮಾದಲ್ಲಿ ದೊರೆತ, ಸುಮಾರು 10 ಕೋಟಿ ವರ್ಷ ಹಳೆಯದಾದ ಒಂದು ತುಣುಕಿನ ವಿಷಯ 2020ರಲ್ಲಿ ಪ್ರಕಟವಾಯಿತು. ಅಂಚೆಚೀಟಿಗಿಂತ ಚಿಕ್ಕದಾದ ಅದರಲ್ಲಿ 39 ಆಸ್ಟ್ರಕಾಡುಗಳಿದ್ದವು. ಕೈಕಾಲುಗಳು ಮಾತ್ರವಲ್ಲ, ಒಂದು ಹೆಣ್ಣಿನ ಒಡಲಲ್ಲಿ ಗಂಡಿನ ಬೀಜಾಣುಗಳೂ ಉಳಿದಿದ್ದವು. ದೇಹದ ಮೂರನೆಯ ಒಂದು ಪಾಲಿನಷ್ಟು ಉದ್ದವಾದ ಬೀಜಾಣುಗಳವು! ಇಂದಿನ ಆಸ್ಟ್ರಕಾಡುಗಳ ಸಂತಾನಕ್ರಮವು ಅಷ್ಟು ಪ್ರಾಚೀನವೆಂದು ಇದರಿಂದ ತಿಳಿಯಿತು.

ಹಾಗೆಂದು ಮಣಿಯಲ್ಲಿರುವುದೆಲ್ಲವೂ ಜೀವಂತವಾಗಿಯೇ ಸಿಕ್ಕಿಬಿದ್ದಿತೆಂದು ಬಗೆಯಲಾಗದು. ಬರ್ಮಾದ ಮತ್ತೊಂದು ತುಣುಕಿನಲ್ಲಿ ಅಮೊನೈಟ್ ಎಂಬ ಕಡಲಪ್ರಾಣಿಯ ಚಿಪ್ಪಿದೆಯೆಂದು 2019ರಲ್ಲಿ ತಿಳಿದುಬಂದಿತು. ಆ ಚಿಪ್ಪು ಸವೆದಿತ್ತು, ಒಳಗೆ ಒಡಲಿರಲಿಲ್ಲ. ಅಲೆಗಳು ದಡಕ್ಕೆಸೆದ ಸತ್ತ ಚಿಪ್ಪದು. ರಾಳ ಸುರಿಸಿದ ಕಾಡು ಕಡಲ ಸಮೀಪದಲ್ಲಿತ್ತೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಕಲ್ಲಿನ ಶಾಸನಗಳು ಉಳಿದಿವೆ, ಓಲೆಗರಿಗಳು ಎಷ್ಟೋ ನಶಿಸಿವೆ. ಅಷ್ಟರಿಂದ ಓಲೆಯ ಮೇಲೆ ಯಾರೂ ಬರೆಯಲೇ ಇಲ್ಲವೆನ್ನುವವರುಂಟೆ? ದಖ್ಖನಿನ ಕಲ್ಲಿನಲ್ಲಿ ಚಿಪ್ಪು ಮಾತ್ರ ಕಂಡಾಗ, ಅದರೊಳಗೊಂದು ಜೀವವಿತ್ತೆಂಬುದನ್ನು ತೃಣಮಣಿಯು ನಮಗೆ ನೆನಪಿಸುತ್ತದೆ.