ಜಿಗರಿನ ಬಿಸಿ, ರಕ್ತದ ಲೆಕ್ಕ

ಕಮಲಾಪುರದ ನಮ್ಮ ಮಾಮು ಕೆಂಪು ಬಾಳೆ ಬೆಳೆಯುವವರು. ಯಕೃತ್ತಿನ ಕ್ಯಾನ್ಸರ್ ಬಹಳ ಮುಂದುವರಿದಿದೆ ಎಂದು ಕಲಬುರಗಿಯಲ್ಲಿ ಗೊತ್ತಾದ ದಿನ ಅವರು ಕೇಳಿದ್ದು ಒಂದೇ ಮಾತು: "ಹೊಲ ಮಾರಬೇಕೋ ಬ್ಯಾಡೋ, ಅಷ್ಟು ಹೇಳು ಬೇಟಾ." ಡಾಕ್ಟರು ರಕ್ತದ ವರದಿಯಲ್ಲಿ ಎರಡು ಅಂಕೆಗಳಿಗೆ ಗೆರೆ ಎಳೆದರು. ನ್ಯೂಟ್ರೋಫಿಲ್ 81, ಲಿಂಫೋಸೈಟ್ 9. ಭಾಗಿಸಿದರೆ 9. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ.

ಈ ಭಾಗಾಕಾರದ ಹಿಂದೆ ಉದ್ದದ ಕಥೆಯಿದೆ. ಉರ್ದು ಶಾಲೆಯಲ್ಲಿ ನಮಗೆ ಜಿಗರ್ ಎಂದರೆ ಧೈರ್ಯ. ಹಕೀಮರಿಗೆ ಅದು ರಕ್ತದ ಕಾರ್ಖಾನೆ. ಇಬ್ನ್ ಸೀನಾ (980-1037) ತಮ್ಮ 'ಅಲ್-ಕಾನೂನ್'ನಲ್ಲಿ, ಉಂಡ ಅನ್ನ ಯಕೃತ್ತಿನಲ್ಲೇ ರಕ್ತ, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ದ್ರವಗಳಾಗುತ್ತದೆ ಎಂದರು. ಸೌದಾ, ಅಂದರೆ ಕಪ್ಪು ಪಿತ್ತ, ಕೆಟ್ಟರೆ ಸರತಾನ್. ಅರಬಿಯಲ್ಲಿ ಏಡಿಗೂ ಕ್ಯಾನ್ಸರಿಗೂ ಅದೇ ಹೆಸರು.

ಇದನ್ನು ಹಳೆಯ ಭ್ರಮೆ ಎಂದು ನಕ್ಕುಬಿಡುವುದು ಸುಲಭ. ನಗದವರೊಬ್ಬರಿದ್ದರು, ಸ್ವೀಡನ್ನಿನ ವೈದ್ಯ ರಾಬಿನ್ ಫೊರೇಯಸ್. ಗರ್ಭಿಣಿಯರ ರಕ್ತ ಕೊಳವೆಯಲ್ಲಿ ಬೇಗ ಕೆಳಗಿಳಿಯುವುದನ್ನು ಅವರು 1918ರಲ್ಲಿ ಪ್ರಕಟಿಸಿದರು. ಪೋಲೆಂಡಿನ ಬೆರ್ನಾಟ್ಸ್ಕಿ 1897ರಲ್ಲೇ ರಕ್ತ ಇಳಿಯುವ ವೇಗವನ್ನು ಗಮನಿಸಿದ್ದರು. ಇಂದು ಸಣ್ಣ ಊರಿನ ಲ್ಯಾಬಿನಲ್ಲೂ ಮಾಡುವ ಇ.ಎಸ್.ಆರ್. ಇದೇ. ಗಾಜಿನ ಪಾತ್ರೆಯಲ್ಲಿ ಬಿಟ್ಟ ರಕ್ತ ತಳದಲ್ಲಿ ಕಪ್ಪಾಗಿ, ಮೇಲೆ ಕೆಂಪಾಗಿ, ಅದರ ಮೇಲೆ ಬಿಳಿ ಪದರ, ತುದಿಯಲ್ಲಿ ಹಳದಿ ನೀರಾಗಿ ನಿಲ್ಲುತ್ತದೆ. ಪುರಾತನರು ಕಂಡ ನಾಲ್ಕು ದ್ರವಗಳು ಇವೇ ಇರಬಹುದೆಂದು ಫೊರೇಯಸ್ ಊಹಿಸಿದರು. ನನಗೆ ಈ ಊಹೆ ಬಹಳ ಇಷ್ಟ.

ಅಷ್ಟರಲ್ಲಾಗಲೇ, 1863ರಲ್ಲಿ, ಜರ್ಮನಿಯ ವಿರ್ಖೋ ಗೆಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಕಂಡು, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂದಿದ್ದರು. 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇಂದು ಸಿ.ಆರ್.ಪಿ. ಎನ್ನುವ ವಸ್ತುವನ್ನು ಗುರುತಿಸಿದರು. ಅದನ್ನು ತಯಾರಿಸುವುದು ಯಕೃತ್ತೇ. ಅಂದರೆ ಬೆಂಕಿ ಬಿದ್ದ ಮನೆಯವರೇ ಬೆಂಕಿಯ ಸುದ್ದಿ ತರಬೇಕು. ಮನೆ ತೀರಾ ಸುಟ್ಟಿದ್ದರೆ ಸುದ್ದಿಯೂ ಪೂರ್ತಿ ಬರುವುದಿಲ್ಲ. ಆಲ್ಬುಮಿನ್ ಕಥೆಯೂ ಹೀಗೇ: ಉರಿಯೂತದಿಂದಲೂ ಇಳಿಯುತ್ತದೆ, ಸಿರೋಸಿಸ್‌ನಿಂದಲೂ ಇಳಿಯುತ್ತದೆ.

ಯಕೃತ್ತಿನ ಕ್ಯಾನ್ಸರಿಗೆ ಇಮ್ಯುನೊಥೆರಪಿ ಬಂದ ಮೇಲೆ ಈ ಅಂಕೆಗಳಿಗೆ ಬೆಲೆ ಹೆಚ್ಚಿತು. 2022ರಲ್ಲಿ ಯುರೋಪಿನ ವೈದ್ಯರು 'ಕ್ರಾಫಿಟಿ' ಎಂಬ ಸರಳ ಲೆಕ್ಕ ಕೊಟ್ಟರು. ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಂ ಅಥವಾ ಮೇಲಿದ್ದರೆ ಒಂದು ಅಂಕ, ಎ.ಎಫ್.ಪಿ. ಮಿಲಿಲೀಟರಿಗೆ 100 ನ್ಯಾನೊಗ್ರಾಂ ಅಥವಾ ಮೇಲಿದ್ದರೆ ಇನ್ನೊಂದು. ಸೊನ್ನೆ ಬಂದವರು ಸರಾಸರಿ ಹೆಚ್ಚು ಕಾಲ ಬದುಕಿದರು, ಎರಡು ಬಂದವರು ಕಡಿಮೆ. ಸರಾಸರಿ ಎಂಬ ಮಾತು ಗಮನದಲ್ಲಿರಲಿ. ಅದು ನೂರಾರು ಜನರ ಲೆಕ್ಕ, ಕಮಲಾಪುರದ ಒಬ್ಬ ಮಾಮುವಿನದಲ್ಲ. ನ್ಯೂಟ್ರೋಫಿಲ್ ಭಾಗಾಕಾರದಲ್ಲಂತೂ ಅಪಾಯದ ಗೆರೆ ಎಲ್ಲಿ ಎಂಬುದು ಒಂದೊಂದು ಅಧ್ಯಯನದಲ್ಲಿ ಒಂದೊಂದು ಕಡೆ ಇದೆ.

ಡಾಕ್ಟರು 9ರ ಸುತ್ತ ಸೊನ್ನೆ ಸುತ್ತಿ, "ಜ್ವರ ಇದೆಯಾ?" ಎಂದರು. ಇತ್ತು. ಪಿತ್ತನಾಳದ ಸೋಂಕು. ಸೋಂಕಿಗೂ ನ್ಯೂಟ್ರೋಫಿಲ್ ಏರುತ್ತದೆ, ಸ್ಟೀರಾಯ್ಡ್ ಮಾತ್ರೆಗೂ ಏರುತ್ತದೆ. ಮೊದಲು ಸೋಂಕಿಗೆ ಔಷಧ ಕೊಟ್ಟು, ಹದಿನೈದು ದಿನ ಬಿಟ್ಟು ಮತ್ತೆ ರಕ್ತ ತೆಗೆಸಿದರು. 68 ಮತ್ತು 20. ಭಾಗಿಸಿದರೆ 3.4.

ಕ್ಯಾನ್ಸರ್ ಇದ್ದಲ್ಲೇ ಇತ್ತು. ಅಲ್ಲಿಯವರೆಗೆ ಹೊಲಕ್ಕೆ ಗಿರಾಕಿ ಹುಡುಕಬೇಡ ಎಂದು ಮಾಮುವೇ ಹೇಳಿದ್ದರು. ವರದಿ ಹಿಡಿದು ಹೋದಾಗ ಅವರು ಬಾಳೆಗೊನೆಗೆ ಊರುಗೋಲು ಕೊಡಿಸುತ್ತಿದ್ದರು.